ಐಲ್ಯಾಂಡ್ ಮತ್ತು ಐಲ್

ಇಂಗ್ಲಿಷಿನಲ್ಲಿ ದ್ವೀಪವನ್ನು ಸೂಚಿಸುವ ‘ಐಲ್ಯಾಂಡ್’ ಮತ್ತು ‘ಐಲ್’ ಎಂಬ ಪದಗಳು ರೂಪದಲ್ಲಿಯೂ ಅರ್ಥದಲ್ಲಿಯೂ ಒಂದನ್ನೊಂದು ಹೋಲುತ್ತವೆಯಾದರೂ ಅವುಗಳ ಮೂಲ ಬೇರೆ ಬೇರೆ. ಮೊದಲನೆಯದು ಹಳೆಯ ಇಂಗ್ಲಿಷಿನ ಸಮಾಸಪದದಿಂದ ಬಂದದ್ದು. ಅದರ ಪೂರ್ವಪದವು ದ್ವೀಪವೆಂಬ ಅರ್ಥದ್ದಾಗಿ ನೀರನ್ನು ಸೂಚಿಸುವ ಧಾತುವಿಗೆ ಸಂಬಂಧಿಸಿದ್ದರೆ, ಉತ್ತರಪದಕ್ಕೆ ನೆಲವೆಂದು ಅರ್ಥ. ಎರಡನೆಯದು ಲ್ಯಾಟಿನ್ನಿನ ‘ಇನ್ಸುಲಾ’ ಹಳೆಯ ಫ್ರೆಂಚಿನ ಮೂಲಕ ಸವೆದು ಬಂದ ರೂಪ. ಮೊದಲು ‘ಎಸ್’ ಅಕ್ಷರವಿಲ್ಲದೆ ಬರೆಯಲಾಗುತ್ತಿದ್ದ ಐಲ್ಯಾಂಡ್ ಪದಕ್ಕೆ, ಅದು ಐಲ್‌ಗೆ ಸಂಬಂಧಿಸಿದ್ದೆಂಬ ತಪ್ಪು ಗ್ರಹಿಕೆಯಿಂದ 16ನೆಯ ಶತಮಾನದಲ್ಲಿ ಆ ಅಕ್ಷರ ಸೇರಿಕೊಂಡು ಬರಹದಲ್ಲಿ ನೆಲೆಗೊಂಡಿತಾದರೂ ಉಚ್ಚಾರಣೆಗೆ ಬರಲಿಲ್ಲ. ಇಂದು ಐಲ್ಯಾಂಡ್ ಸಾಮಾನ್ಯ ಬಳಕೆಯ ಪದವಾಗಿದ್ದು, ಐಲ್ ಹೆಚ್ಚಾಗಿ ಕಾವ್ಯದಲ್ಲಿಯೂ ‘ಐಲ್ ಆಫ್ ಮ್ಯಾನ್’ನಂಥ ಸ್ಥಳನಾಮಗಳಲ್ಲಿಯೂ ಉಳಿದಿದೆ. ಮೇದೋಜೀರಕ ಗ್ರಂಥಿಯೊಳಗಿನ ದ್ವೀಪಗಳಂಥ ಕೋಶಸಮೂಹಗಳಿಂದ ಸ್ರವಿಸುವ ‘ಇನ್ಸುಲಿನ್’ ಕೂಡ ಇನ್ಸುಲಾ ಪದದಿಂದಲೇ ತನ್ನ ಹೆಸರನ್ನು ಪಡೆದಿದೆ.