ಅರಸರ ಗಾಳ, ಬೆಸ್ತರ ಗಾಳ

ಕಲ್ಯಾಣ ಚಾಳುಕ್ಯರ ಪಾಠ ಮಾಡುವಾಗ ನಾವು ಇತಿಹಾಸದ ಟೀಚರುಗಳು ಆರನೆಯ ವಿಕ್ರಮಾದಿತ್ಯನ ಹತ್ತಿರವೇ ಹೆಚ್ಚು ಹೊತ್ತು ನಿಂತುಬಿಡುತ್ತೇವೆ. ಅವನ ಮಗ ಮೂರನೆಯ ಸೋಮೇಶ್ವರನ ಪಾಲಿಗೆ ಉಳಿಯುವುದು ಒಂದೇ ವಾಕ್ಯ: ಇವನು 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥವನ್ನು ಬರೆದನು. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಒಂದು ಅಂಕ ತೆಗೆದುಕೊಳ್ಳುತ್ತಾರೆ. ಆ ಪುಸ್ತಕದಲ್ಲಿ ಏನಿದೆ ಎಂದು ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಅದರಲ್ಲಿ ನೂರು ಅಧ್ಯಾಯಗಳಿವೆ. ರಾಜನೀತಿ, ವೈದ್ಯ, ಸಂಗೀತ ಎಲ್ಲವೂ ಉಂಟು. ನಮ್ಮ ಇಡ್ಲಿಯ ಅಜ್ಜಿ ಎನ್ನಬಹುದಾದ 'ಇಡ್ಡರಿಕಾ' ಕೂಡ ಅಲ್ಲಿಯೇ ಸಿಗುತ್ತಾಳೆ. ನನಗೆ ಹಿಡಿಸಿದ್ದು 'ಮತ್ಸ್ಯವಿನೋದ' ಎಂಬ ಭಾಗ. ಸುಮಾರು 1130ರ ಹೊತ್ತಿಗೆ, ಸಿಂಹಾಸನದ ಮೇಲೆ ಕುಳಿತ ಒಬ್ಬ ಅರಸ ಗಾಳ ಹಾಕಿ ಮೀನು ಹಿಡಿಯುವ ಬಗೆಯನ್ನು ಶ್ಲೋಕಗಳಲ್ಲಿ ಬರೆದಿಟ್ಟಿದ್ದಾನೆ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಏನು ತಿನಿಸು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದೆಲ್ಲ ಮೂವತ್ತಕ್ಕೂ ಮೀರಿದ ಮೀನುಗಳ ಲೆಕ್ಕ ಒಪ್ಪಿಸುತ್ತಾನೆ. ಸುಂದರಲಾಲ್ ಹೋರಾ ಎಂಬ ಮೀನುಶಾಸ್ತ್ರಜ್ಞರು 1951ರಲ್ಲಿ ಇದರ ಮೇಲೆ ಲೇಖನ ಬರೆದ ಮೇಲೆ ವಿಜ್ಞಾನಿಗಳ ಕಣ್ಣು ಇತ್ತ ಹೊರಳಿತು. ನಮ್ಮ ಪಠ್ಯಪುಸ್ತಕಗಳ ಕಣ್ಣು ಇನ್ನೂ ಹೊರಳಿಲ್ಲ.

ಒಂದು ದಿನ ಒಂಬತ್ತನೆಯ ತರಗತಿಯಲ್ಲಿ ಇದನ್ನೆಲ್ಲ ರಸವತ್ತಾಗಿ ಹೇಳುತ್ತಿದ್ದೆ. ನಮ್ಮ ಶಾಲೆ ಇರುವುದು ತುಂಗಭದ್ರೆಯ ದಡದ ಊರಿನಲ್ಲಿ. ಬೆಸ್ತರ ಕೇರಿಯ ಮಕ್ಕಳು ಯಾವಾಗಲೂ ಹಿಂದಿನ ಬೆಂಚಿನಲ್ಲಿ, ಬಾಯಿ ಬಿಡದವರು. ಅಂದು ಅವರಲ್ಲೊಬ್ಬ ಹುಡುಗಿ ಎದ್ದು ನಿಂತಳು. "ಟೀಚರ್, ನೀರು ತಿಳಿ ಆಗೋವರೆಗೆ ಏನು ಹಾಕಿದ್ರೂ ದಂಡ. ಮೀನಿಗೆ ಕಾಣಬೇಕಲ್ರೀ. ಪೂರಾ ತಿಳಿಯಾದ್ರೂ ಕಷ್ಟ. ಆಗ ನಾವೂ ಅದಕ್ಕೆ ಕಾಣ್ತೀವಿ." ಹಾಗಾದರೆ ಯಾವಾಗ ಹಾಕಬೇಕಮ್ಮ ಎಂದೆ. "ಅಕ್ಕಿ ತೊಳೆದ ಎರಡನೇ ನೀರು ಇರ್ತೈತಲ್ರೀ, ಆ ಬಣ್ಣ ಬಂದಾಗ. ನಮ್ಮಜ್ಜ ಹಂಗೇ ನೋಡ್ತಾನೆ" ಎಂದು ಹೇಳಿ ಕುಳಿತುಕೊಂಡಳು.

ಅಕ್ಕಿ ತೊಳೆದ ಎರಡನೆಯ ನೀರು! ಸಾವಿರ ಸಲ ಬಸಿದು ಚೆಲ್ಲಿದ್ದೇನೆ. ಹೊಳೆಗೆ ಆ ಬಣ್ಣ ಬರುವುದು ಶರದೃತುವಿನಲ್ಲಿ, ಆಶ್ವೀಜ ಕಾರ್ತಿಕಗಳ ನಡುವೆ. ಮಳೆಗಾಲದ ಕೆಂಪು ನೀರಿನಲ್ಲಿ ಮೀನಿಗೆ ದಾರಿಯೇ ಕಾಣದು. ಮೇಲಾಗಿ ಅದು ಮೊಟ್ಟೆ ಇಡುವ ಕಾಲ, ಮೈ ಸೊರಗಿರುತ್ತದೆ, ಸಾರಿಗೆ ಕೆಸರಿನ ವಾಸನೆ. ಮಳೆ ಹಿಂದೆಗೆದು ಮಣ್ಣು ತಳಕ್ಕಿಳಿದಾಗ ಹೊಳೆಯೂ ಕೆರೆಯೂ ತುಂಬಿರುತ್ತವೆ, ನೀರು ತಣ್ಣಗಿರುತ್ತದೆ, ದಡದ ಹುಲ್ಲಿನಲ್ಲಿ ಹುಳುಹುಪ್ಪಟೆಗೆ ಬರವಿಲ್ಲ. ತಿಂದು ಮೈ ತುಂಬಿಕೊಂಡ ಮೀನು ಗಾಳಕ್ಕೆ ಬರುತ್ತದೆ. ಎಳ್ಳು ಹಾಕಬೇಕೋ ಅನ್ನದ ಉಂಡೆ ಹಾಕಬೇಕೋ ಎಂಬುದನ್ನು ಅರಸನಿಂದ ಕಲಿಯಬಹುದು, ಆದರೆ ಹಾಕುವ ಗಳಿಗೆಯನ್ನು ಕೇಳಬೇಕಾದದ್ದು ದಡದಲ್ಲಿ ಕುಳಿತವನನ್ನೇ.

ಶ್ರಾವಣದಲ್ಲಿ ಮೀನು ಮಾಂಸ ಬಿಡುವುದು ಮೀನಿನ ಸಂತಾನ ಉಳಿಸಲೆಂದೇ ಹಿರಿಯರು ಮಾಡಿದ ಏರ್ಪಾಟು ಎಂದು ಈಗ ಭಾಷಣಗಳಲ್ಲಿ ಹೇಳುತ್ತಾರೆ. ನನಗೆ ಅಷ್ಟು ಸಲೀಸಾಗಿ ನಂಬಿಕೆ ಬರುವುದಿಲ್ಲ. ನನ್ನ ತವರು ಸಾಗರದ ಕಡೆ. ಅಲ್ಲಿ ಮುಂಗಾರಿನ ಮೊದಲ ಜಡಿಮಳೆಗೆ, ಹೊಳೆಯಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುವ 'ಹತ್ತುಮೀನ'ನ್ನು ರಾತ್ರಿ ದೀಪ ಹಿಡಿದು ಕತ್ತಿಯಲ್ಲಿ ಕಡಿದು ತರುತ್ತಾರೆ. ಹೊಟ್ಟೆ ತುಂಬ ತತ್ತಿ! ಅದು ಶ್ರಾವಣಕ್ಕೆ ಮುಂಚಿನ ಮಾತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಊರಿಗೆ ಊರೇ ಕೂಣಿ ಹಿಡಿದು ಕೆರೆಬೇಟೆಗೆ ಇಳಿಯುತ್ತದೆ. ಇನ್ನು ಶ್ರಾವಣವೋ, ವ್ರತ ಹಿಡಿದವರ ಮನೆಯಲ್ಲಿ ಹೋಳಿಗೆ, ಬಲೆ ಬೀಸಲಾಗದ ಬೆಸ್ತರ ಮನೆಯಲ್ಲಿ ಖಾಲಿ ಮಡಕೆ. ನಮ್ಮ ವ್ರತಗಳನ್ನು ಹೊಗಳುವಾಗ ಆ ಮಡಕೆಯ ನೆನಪೂ ಇರಲಿ ಎಂದಷ್ಟೇ ನನ್ನ ಮಾತು. ಅವರಿಗೆ ಶರತ್ಕಾಲವೆಂದರೆ ಬರೀ ತಿಳಿನೀರಲ್ಲ, ಮಳೆಗಾಲದ ಸಾಲ ತೀರಿಸುವ ಕಾಲ.

ಮೀನಿಗೆ ಬಿಡುವಿನ ದಿನ ಗೊತ್ತುಮಾಡಿದ ಅರಸನೂ ಇದ್ದ. ಅಶೋಕನ ಐದನೆಯ ಸ್ತಂಭಶಾಸನದಲ್ಲಿ ಚಾತುರ್ಮಾಸ್ಯದ ಹುಣ್ಣಿಮೆಗಳಲ್ಲೂ ತಿಷ್ಯ ಹುಣ್ಣಿಮೆಯಲ್ಲೂ ಮೂರು ಮೂರು ದಿನ, ಜೊತೆಗೆ ಉಪವಾಸದ ದಿನಗಳಲ್ಲಿ, ಮೀನು ಕೊಲ್ಲಕೂಡದು, ಮಾರಲೂ ಕೂಡದು ಎಂದಿದೆ. ನಮ್ಮ ಮಸ್ಕಿ, ಬ್ರಹ್ಮಗಿರಿಗಳಲ್ಲಿ ಇರುವುದು ಅವನ ಬೇರೆ ಶಾಸನಗಳು, ಇದು ಉತ್ತರದ ಕಂಬಗಳ ಮೇಲಿನದು. ಮಾರಾಟವನ್ನೂ ಸೇರಿಸಿದ್ದು ನೋಡಿ, ಸಂತೆಯ ವ್ಯವಹಾರ ಬಲ್ಲವನೇ ಬರೆಸಿರಬೇಕು.

ಇಂಗ್ಲಿಷರ ಕಾಲಕ್ಕೆ ಬಂದರೆ, ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಿಂದಲೇ ಗಾಳದ ಮೇಲೊಂದು ದೊಡ್ಡ ಪುಸ್ತಕ ಹೊರತಂದ. ದೊರೆಗಳಿಗೆ ಬೇಕಾದದ್ದು ಮಹಶೀರ್, ಗಾಳ ಕಚ್ಚಿ ಗಂಟೆಗಟ್ಟಲೆ ಸೆಣಸುವ ಮೀನು. ಅದೇ ಜಾತಿಯ ಮೀನುಗಳು ಶೃಂಗೇರಿಯ ತುಂಗೆಯಲ್ಲಿ ಯಾತ್ರಿಕರ ಪುರಿ ತಿನ್ನುತ್ತ ನಿರ್ಭಯವಾಗಿರುವುದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಹೊಳೆಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದನ್ನು ತಡೆಯಲು 1897ರಲ್ಲಿ ಕಾಯಿದೆಯೂ ಬಂತು. ನೂರು ವರ್ಷ ಕಳೆದರೂ ಆ ಹಾಳು ಚಾಳಿ ನಿಂತಿರಲಿಲ್ಲ. ಶಿಶಿಲದ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷವಿಕ್ಕಿದರು, ಸತ್ತ ಮೀನುಗಳಿಗಾಗಿ ಅಲ್ಲೊಂದು ಸ್ಮಾರಕವಿದೆ.

ಆದರೆ ಕೆರೆಗಳ ಶರತ್ಕಾಲವನ್ನು ಬದಲಿಸಿದ್ದು ವಿಷವೂ ಅಲ್ಲ, ಕಾಯಿದೆಯೂ ಅಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒರಿಸ್ಸಾದಲ್ಲಿ ಗೆಂಡೆ ಜಾತಿಯ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸಿ ತೋರಿಸಿದರು. ಮೀನು ಮೊಟ್ಟೆ ಇಡಲು ಹೊಳೆಯ ಪ್ರವಾಹಕ್ಕೇ ಕಾಯಬೇಕು ಎಂಬುದು ಅಲ್ಲಿಗೆ ಮುಗಿಯಿತು. ಇಂದು ಊರೂರಿನ ಕೆರೆಗಳಿಗೆ ಕಾಟ್ಲಾ, ರೋಹು ಮರಿಗಳನ್ನು ತಂದು ಬಿಡುತ್ತಾರೆ, ಕೆರೆಯನ್ನು ಗುತ್ತಿಗೆಗೆ ಕೊಡುತ್ತಾರೆ. ಮೀನು ಅಗ್ಗವಾಗಿ ಬಡವರ ತಟ್ಟೆಗೂ ಬಂತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶರತ್ಕಾಲವೀಗ ಗುತ್ತಿಗೆದಾರನ ಮರಿ ಬಲಿಯುವ ಕಾಲ. ದಸರೆಯ ರಜೆಯಲ್ಲಿ ಜೋಳದ ಬೆಂಡು ಕಟ್ಟಿ ಗಾಳ ಹಾಕಲು ಕುಳಿತ ಹುಡುಗರನ್ನು ನಮ್ಮೂರ ಕೆರೆಯ ಕಾವಲುಗಾರ ಕೋಲು ಹಿಡಿದು ಎಬ್ಬಿಸುತ್ತಾನೆ.

ಆ ಹುಡುಗಿಯ ತಾಯಿ ನನಗೆ ಸಂತೆಯಲ್ಲಿ ಸಿಗುತ್ತಾಳೆ. ಮೊದಲು ಅವಳ ಬುಟ್ಟಿಯಲ್ಲಿ ಗಂಡನೋ ಮಾವನೋ ಹಿಡಿದದ್ದು ಇರುತ್ತಿತ್ತು, ಕೊರವ, ಬಾಳೆ, ಚೇಳುಮೀನು, ಹೆಸರಿಲ್ಲದ ಬೆರಳುದ್ದದ ಬೆಳ್ಳಿಮೀನು. ಈಗ ಗುತ್ತಿಗೆದಾರನ ಕಾಟ್ಲಾ ಮಾರಿ ಕಿಲೋಗೆ ಇಷ್ಟು ಎಂದು ಕೂಲಿ ತೆಗೆದುಕೊಳ್ಳುತ್ತಾಳೆ. ಹೋದ ಕಾರ್ತಿಕದಲ್ಲಿ, ಸಣ್ಣ ಮೀನು ಇಲ್ಲವೇನಮ್ಮ ಎಂದು ಕೇಳಿದೆ. "ಹೊಳೀ ನೀರು ಇನ್ನೂ ಕೆಂಪು ಐತ್ರೀ ಅಕ್ಕಾರ, ಈ ವರ್ಷ ಮಳೀನೇ ಬಿಡವಲ್ದು. ನಮ್ಮ ಮಾವ ದಿನಾ ಹೋಗಿ ನೋಡಿ ಬರ್ತಾನ. ಬಣ್ಣ ಬಂದ ದಿನ ಮಗಳ ಕೈಲಿ ಸಾಲಿಗೇ ಹೇಳಿ ಕಳಿಸ್ತೀನಿ" ಎಂದಳು.