ಕಿವಿಯ ಊರಿನಲ್ಲಿ ಕಣ್ಣಿನ ಯಂತ್ರ

ಹುಬ್ಬಳ್ಳಿಗೆ ಹತ್ತಿಯ ಊರು, ರೈಲಿನ ಊರು ಎಂಬ ಹೆಸರುಗಳುಂಟು. ಆದರೆ ಇಲ್ಲಿಯ ಮನೆಗಳಿಗೆ ಯಂತ್ರಗಳು ಬಂದ ಬಗೆಯನ್ನು ನೋಡಿದರೆ ಇದನ್ನು ಕಿವಿಯ ಊರೆಂದು ಕರೆಯುವುದೇ ಹೆಚ್ಚು ಒಪ್ಪುತ್ತದೆಂದು ನನಗೆ ತೋರುತ್ತದೆ. ಮೊದಲು ಬಂದುದು ಕೇಳುವ ಪೆಟ್ಟಿಗೆ. ನೋಡುವ ಪೆಟ್ಟಿಗೆ ಬಹಳ ತಡವಾಗಿ ಬಂದಿತು. ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಹೈ-ಡೆಫಿನಿಶನ್ ಟೀವಿಯನ್ನೂ ಅದರ ಪರಿವಾರದ ಸ್ಪೀಕರುಗಳನ್ನೂ ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಈ ಕ್ರಮವೇ ನನಗೆ ದಾರಿ ತೋರಿಸಿತು.

ಮೊದಲನೆಯದು ಗ್ರಾಮಫೋನು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡ ಗಂಗೂಬಾಯಿ ಹಾನಗಲ್ಲರ ಹಾಡುಗಳು 1930ರ ದಶಕದಲ್ಲಿಯೇ ‘ಗಾಂಧಾರಿ’ ಎಂಬ ಹೆಸರಿನಲ್ಲಿ ತಟ್ಟೆಗಳಾಗಿ ಬಂದಿದ್ದವು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರು-ನಾಲ್ಕು ನಿಮಿಷದ ಹಾಡು ಮಾತ್ರ. ತಾಸುಗಟ್ಟಲೆ ಅರಳಬೇಕಾದ ರಾಗವನ್ನು ಅಷ್ಟರೊಳಗೆ ಮುಗಿಸಬೇಕು. ಆದರೂ ಅದರ ಶಕ್ತಿ ಸಣ್ಣದಲ್ಲ. ಗದುಗಿನ ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಮ್ ಖಾನರ ತಟ್ಟೆಯನ್ನು ಕೇಳಿ, 1933ರಲ್ಲಿ ಗುರುವನ್ನು ಅರಸುತ್ತ ಮನೆ ಬಿಟ್ಟರೆಂಬುದು ಸಂಗೀತಪ್ರಿಯರೆಲ್ಲ ಬಲ್ಲ ಮಾತು.

ಎರಡನೆಯದು ರೇಡಿಯೋ. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಪ್ರಾರಂಭವಾಯಿತು. ಮಾಳಿಗೆಯ ಮೇಲೆ ಏರಿಯಲ್ ತಂತಿ, ಪಡಸಾಲೆಯ ಮಾಡದಲ್ಲಿ ಕಟ್ಟಿಗೆಯ ಪೆಟ್ಟಿಗೆ, ಅಂಚೆ ಕಚೇರಿಯಲ್ಲಿ ವರುಷ ವರುಷ ಕಟ್ಟುವ ಲೈಸೆನ್ಸು. ಹೀಗೆ ಅದೊಂದು ಸಂಸಾರವೇ ಆಗಿತ್ತು. ಗುಂಡಿ ತಿರುವಿದೊಡನೆ ಅದು ಮಾತನಾಡುತ್ತಿರಲಿಲ್ಲ. ಒಳಗಿನ ವಾಲ್ವುಗಳು ಕಾಯಬೇಕಾಗಿತ್ತು. ಆದರೆ ಒಮ್ಮೆ ಮಾತನಾಡಿತೆಂದರೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವವರಿಗೂ ಕಟ್ಟೆಯ ಮೇಲೆ ಕುಳಿತವರಿಗೂ ಒಂದೇ ಸಮನೆ ಕೇಳುತ್ತಿತ್ತು. ಕೆಲಸ ಬಿಟ್ಟು ಅದರ ಮುಂದೆ ಕೂಡಬೇಕಾದುದಿರಲಿಲ್ಲ. ರೇಡಿಯೋದ ಈ ಔದಾರ್ಯವನ್ನು ನಾವು ಬೇಗ ಮರೆತೆವು.

ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದೇ ಟೆಲಿವಿಜನ್ ಪ್ರಯೋಗ ನಡೆದಿದ್ದರೂ ಅದು ನಮ್ಮ ಕಡೆಗೆ ಬಂದ ದಾರಿ ವಿಚಿತ್ರವಾದುದು. 1975ರ ಆಗಸ್ಟಿನಿಂದ ಒಂದು ವರುಷ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದುದು ವಿಜಾಪುರ, ರಾಯಚೂರು, ಕಲಬುರ್ಗಿ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿನ ಜಾಲರಿಯಿಂದ ಮಾಡಿದ 10 ಅಡಿಯ ತಟ್ಟೆ ಆಕಾಶದ ಕಡೆಗೆ ಮುಖ ಮಾಡಿ ನಿಂತಿರುತ್ತಿತ್ತು. ಊರವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ನೆರೆಯುತ್ತಿದ್ದರು. ಬೆಂಗಳೂರು ದೂರದರ್ಶನ ಶುರುವಾದುದು 1981ರಲ್ಲಿ, ಬಣ್ಣ ಬಂದುದು 1982ರಲ್ಲಿ. 1987ರಲ್ಲಿ ‘ರಾಮಾಯಣ’ ಪ್ರಾರಂಭವಾದ ಮೇಲೆ ಟೀವಿ ಇದ್ದ ಮನೆಯ ಪಡಸಾಲೆ ರವಿವಾರ ಮುಂಜಾನೆ ಓಣಿಯ ಪಡಸಾಲೆಯೇ ಆಗಿಬಿಡುತ್ತಿತ್ತು. ಹಿರಿಯರಿಗೆ ಮುಂದಿನ ಜಾಗ, ಹುಡುಗರಿಗೆ ನೆಲ, ಹೆಂಗಸರಿಗೆ ಬಾಗಿಲ ಸಂದಿ. ಯಾರು ಎಲ್ಲಿ ಕೂಡಬೇಕೆಂಬುದನ್ನು ರೇಡಿಯೋ ಕೇಳಿರಲಿಲ್ಲ, ಟೀವಿ ಕೇಳಿತು.

ಆ ಕಾಲದ ಚಿತ್ರಕ್ಕೆ 625 ಗೆರೆಗಳು. ಕಣ್ಣಿಗೆ ಕಾಣುತ್ತಿದ್ದುದು 576. ಜಪಾನಿನ ಪ್ರಸಾರ ಸಂಸ್ಥೆಯಾದ ಎನ್‌.ಎಚ್‌.ಕೆ. 1964ರ ಟೋಕಿಯೋ ಒಲಿಂಪಿಕ್ಸಿನ ತರುವಾಯ ಇದಕ್ಕಿಂತ ನಯವಾದ ಚಿತ್ರದ ಸಂಶೋಧನೆಗೆ ಕೈಹಾಕಿತು. ಇಂದಿನ ಹೈ-ಡೆಫಿನಿಶನ್ ಅದರ ಫಲ: 1,080 ಗೆರೆ, ಗೆರೆಗೆ 1,920 ಚುಕ್ಕಿ, ಒಟ್ಟು ಸುಮಾರು 20 ಲಕ್ಷ 70 ಸಾವಿರ. ನಮ್ಮ ದೂರದರ್ಶನ ಇದನ್ನು 2010ರ ಕಾಮನ್‌ವೆಲ್ತ್ ಕ್ರೀಡೆಗಳ ಹೊತ್ತಿಗೆ ತಂದಿತು. ‘4ಕೆ’ ಎಂಬುದರಲ್ಲಿ ಇದರ ನಾಲ್ಕು ಪಟ್ಟು ಚುಕ್ಕಿಗಳು.

ಇಲ್ಲಿ ಅಂಗಡಿಯವನ ಲೆಕ್ಕ ಬೇರೆ, ಕಣ್ಣಿನ ಲೆಕ್ಕ ಬೇರೆ. ಪರದೆಯ ಎತ್ತರದ ಮೂರು ಪಟ್ಟು ದೂರದಲ್ಲಿ ಕೂತವನ ಕಣ್ಣಿಗೆ 1,080 ಗೆರೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಅದಕ್ಕಿಂತ ಹೆಚ್ಚಿನ ನಯವನ್ನು ಅದು ಹಿಡಿಯಲಾರದು. ನಮ್ಮ ಪಡಸಾಲೆಯಲ್ಲಿ ಕೂಡುವ ಜಾಗದಿಂದ ಗೋಡೆಗೆ 7 ಅಡಿ. 55 ಇಂಚಿನ ಪರದೆಯ ಎತ್ತರ ಸುಮಾರು 27 ಇಂಚು, ಅದರ ಮೂರು ಪಟ್ಟು 81 ಇಂಚು. ಎಂದರೆ, ಆ ಅಳತೆಯ ತನಕ ಸಾಧಾರಣ ಹೈ-ಡೆಫಿನಿಶನ್ನೇ ನಮಗೆ ಸಾಕು. ಗಜಪಟ್ಟಿ ಹಿಡಿದು ಅಳೆದ ಮೇಲೆ ನಾವು 43 ಇಂಚಿಗೆ ನಿಂತೆವು. ಮಗನ ಮುಖ ಸಪ್ಪಗಾಯಿತು. ನಮ್ಮ ಅವ್ವ ಮಾತ್ರ ಅಂದಳು: “ತಮ್ಮಾ, ಈಗಿನ ಟೀವಿಯೊಳಗ ಚಿತ್ರ ದೊಡ್ಡದಾತು, ಮಾತು ಸಣ್ಣದಾತು. ಯಾರ ಏನ ಅಂದ್ರು ಅಂತ ನಿನ್ನ ಕೇಳೂದ ಆಗೇದ.”

ಅವಳಿಗೆ ಎಂಬತ್ತು ದಾಟಿದೆ, ಕಿವಿ ಮಂದವಾಗಿದೆ. ಆದರೂ ಅವಳ ಮಾತಿನಲ್ಲಿ ಯಂತ್ರಶಾಸ್ತ್ರದ ಸತ್ಯವೇ ಇತ್ತು. ಹಳೆಯ ರೇಡಿಯೋಕ್ಕೂ ಹೊಟ್ಟೆಯುಬ್ಬಿದ ಹಳೆಯ ಟೀವಿಗೂ ಸ್ಪೀಕರು ಇಡಲು ಒಳಗೆ ಜಾಗವಿತ್ತು. ಇಂದಿನ ಪರದೆ ತೆಳ್ಳಗಾದಷ್ಟೂ ಸ್ಪೀಕರು ಕಿರಿದಾಗಿ, ಕೆಳಮುಖವಾಗಿಯೋ ಹಿಂದುಮುಖವಾಗಿಯೋ ಅಡಗಿ ಕುಳಿತಿದೆ. ಅಂದವನ್ನು ಕೊಟ್ಟು ಕಂಠವನ್ನು ಕಸಿದುಕೊಂಡಂತಾಗಿದೆ.

ಹೋಮ್ ಥಿಯೇಟರ್ ಎಂಬುದು ಕಳೆದ ಕಂಠವನ್ನು ಮರಳಿ ತರುವ ಉಪಾಯ. ಪೆಟ್ಟಿಗೆಗಳ ಮೇಲೆ ಕಾಣುವ ‘ಡಾಲ್ಬಿ’ ಎಂಬ ಹೆಸರಿಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ರೇ ಡಾಲ್ಬಿಯವರು 1963ರಿಂದ ಎರಡು ವರುಷ ಯುನೆಸ್ಕೋದ ಸಲಹೆಗಾರರಾಗಿ ಭಾರತದಲ್ಲಿದ್ದು, 1965ರಲ್ಲಿ ಲಂಡನ್ನಿನಲ್ಲಿ ತಮ್ಮ ಪ್ರಯೋಗಶಾಲೆಯನ್ನು ತೆರೆದರು. ‘5.1’ ಎಂದರೆ ಐದು ಸ್ಪೀಕರುಗಳು, ಮಂದ್ರದ ನಾದಕ್ಕೆ ಒಂದು ಸಬ್‌ವೂಫರ್. ಐದರಲ್ಲಿ ನಡುವಿನದು ಮಾತಿಗೆ ಮೀಸಲು. ಮುಪ್ಪಿನವರಿರುವ ಮನೆಗೆ ಅದೇ ಮುಖ್ಯ. ಹಿಂದಿನ ಎರಡು ಇಲ್ಲದಿದ್ದರೂ ಸಂಸಾರ ನಡೆಯುತ್ತದೆ. ಸಬ್‌ವೂಫರಿನ ನಾದ ಗೋಡೆಯನ್ನು ದಾಟುವಂಥದು. ಹಳೇ ಹುಬ್ಬಳ್ಳಿಯಲ್ಲಿ ಎರಡು ಮನೆಗಳಿಗೆ ಒಂದೇ ಗೋಡೆ ಇರುವುದರಿಂದ ಅದು ನೆರೆಹೊರೆಯ ಪ್ರಶ್ನೆ. ಅದನ್ನು ನಾವು ಬಿಟ್ಟೆವು. ಮುಂದಿನ ಮೂರನ್ನು ತಂದೆವು. ಬೋಳು ಟೈಲ್ಸಿನ ನೆಲ ಶಬ್ದವನ್ನು ಮರಳಿ ಎಸೆದು ಮಾತನ್ನು ಕಲಕುತ್ತದೆ. ಅದಕ್ಕೆ ಯಾವ ಅಂಗಡಿಯವನೂ ಹೇಳದ ಒಂದು ಸಾಮಾನನ್ನು ಪಟ್ಟಿಗೆ ಸೇರಿಸಿದೆ: ನವಲಗುಂದದ ಜಮಖಾನೆ.

ಕೊನೆಗೆ ಎರಡು ಮಾತು. ಹಳದಿ ತುದಿಯ ಹಳೆಯ ಕೇಬಲ್ಲಿನಲ್ಲಿ ಹೈ-ಡೆಫಿನಿಶನ್ ಚಿತ್ರ ಹರಿಯಲಾರದು, ಎಚ್‌.ಡಿ.ಎಮ್‌.ಐ. ಕೇಬಲ್ಲೇ ಬೇಕು, ಸೆಟ್‌ಟಾಪ್ ಬಾಕ್ಸೂ ಎಚ್‌.ಡಿ. ಆಗಿರಬೇಕು. ಇನ್ನು, ಅಂಗಡಿಯಲ್ಲಿ ಬೆಳಕು-ಬಣ್ಣ ಏರಿಸಿ ತೋರಿಸುವ ಮೀನು, ಹೂವುಗಳಿಗೆ ಮರುಳಾಗಬೇಡಿರಿ. ವಾರ್ತೆ ಹಾಕಿಸಿರಿ, ಒಂದು ಹಳೆಯ ಹಾಡು ಹಾಕಿಸಿರಿ. ಸಾಧ್ಯವಾದರೆ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಕೇಳಿಸುವವರನ್ನು ಜೊತೆಗೆ ಕರೆದೊಯ್ದು, ಅವರು ತಲೆಯಾಡಿಸಿದ ಮೇಲೆಯೇ ಹಣ ಎಣಿಸಿರಿ.