ಅನ್ನಪೂರ್ಣೆಯ ಗಲ್ಲಿಯಲ್ಲಿ ಬಸುರಿಯ ಬಯಕೆ

ಕಾಶಿಗೆ ಹೋಗಿಬಂದ ನಮ್ಮವರಾರೂ ವಿಶ್ವನಾಥ ಗಲ್ಲಿಯನ್ನು ಮರೆಯಲಾರರು. ವಿಶ್ವೇಶ್ವರನ ದರ್ಶನ ಮುಗಿಸಿ, ಅನ್ನಪೂರ್ಣೆಗೆ ಕೈಮುಗಿದು ಹೊರಬಂದರೆ ಬಳೆ, ಕುಂಕುಮ, ಹಿತ್ತಾಳೆ ಸಾಮಾನಿನ ಸಾಲು. ಆ ಸುತ್ತಿನಲ್ಲೇ ರಬಡಿ, ಲಸ್ಸಿ. ಚಳಿಗಾಲವಾದರೆ ಮಲೈಯೋ. ಕಾಯಿಸಿದ ಹಾಲನ್ನು ರಾತ್ರಿಯಿಡೀ ಇಬ್ಬನಿಗೆ ತೆರೆದಿಟ್ಟು, ನಸುಕಿನಲ್ಲಿ ಕಡೆದು ತೆಗೆದ ಕೇಸರಿ ಬಣ್ಣದ ನೊರೆ ಅದು. ಜೊತೆಯಲ್ಲಿ ಬಸುರಿ ಸೊಸೆಯೋ ಮಗಳೋ ಇದ್ದರೆ, ಅವಳ ಬಯಕೆಗೆ ಬೇಡವೆನ್ನಲು ಯಾರಿಗೆ ಮನಸ್ಸು ಬಂದೀತು?

ಆದರೂ ಒಂದು ಗಳಿಗೆ ತಡೆಯಬೇಕೆನ್ನಿಸುವ ಕಥೆಯೊಂದಿದೆ. 1926ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಪ್ರಯೋಗಾಲಯದ ಮೊಲಗಳು ಸಾಯುತ್ತಿದ್ದುದನ್ನು ಕಂಡು ಮರೆ ಮತ್ತು ಅವರ ಜೊತೆಗಾರರು ಒಂದು ಬ್ಯಾಕ್ಟೀರಿಯವನ್ನು ಗುರುತಿಸಿದರು. ಶಸ್ತ್ರವೈದ್ಯ ಲಿಸ್ಟರರ ನೆನಪಿಗೆ 1940ರಲ್ಲಿ ಅದಕ್ಕೆ ಲಿಸ್ಟೀರಿಯಾ ಎಂಬ ಹೆಸರು ನಿಂತಿತು. ಮನುಷ್ಯರಿಗೂ ಅದು ತಗಲುವುದು ತಿಳಿದಿತ್ತು. ಬರುವ ದಾರಿ ಊಟದ್ದೆಂಬುದು ಖಚಿತವಾಗಲು ಮಾತ್ರ ಅರ್ಧ ಶತಮಾನಕ್ಕೂ ಮಿಕ್ಕಿ ಹಿಡಿಯಿತು.

1981ರಲ್ಲಿ ಕೆನಡಾದ ಪೂರ್ವ ಪ್ರಾಂತಗಳಲ್ಲಿ 41 ಮಂದಿಗೆ ಈ ಕಾಯಿಲೆ ಬಂತು. ಅವುಗಳಲ್ಲಿ 34 ಪ್ರಸಂಗಗಳು ಗರ್ಭಕ್ಕೋ ಹಸುಗೂಸಿಗೋ ಸಂಬಂಧಿಸಿದವು. ಹುಡುಕಿದರೆ ಸಿಕ್ಕಿದ್ದು ಹಸಿ ಎಲೆಕೋಸಿನ ಪಲ್ಯ! ಕೋಸಿನ ಹೊಲಕ್ಕೆ ಕುರಿಗೊಬ್ಬರ ಹಾಕಿದ್ದರು. ಕೋಸನ್ನು ಚಳಿಗಾಲವೆಲ್ಲ ತಣ್ಣನೆಯ ಉಗ್ರಾಣದಲ್ಲಿಟ್ಟಿದ್ದರು. 1985ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಮೆದು ಚೀಸ್ ತಿಂದು 142 ಮಂದಿ ಬಿದ್ದರು. ಸತ್ತವರಲ್ಲಿ 30 ಜೀವಗಳು ಗರ್ಭದಲ್ಲಿದ್ದವು, ಇಲ್ಲವೇ ಆಗತಾನೇ ಹುಟ್ಟಿದವು. ತಾಯಿಗೆ ಬರುವುದು ಬರಿಯ ಜ್ವರ, ಮೈಕೈ ನೋವು. ಪೆಟ್ಟು ಬೀಳುವುದು ಮಗುವಿಗೆ.

ಗಲ್ಲಿಗೆ ಮರಳೋಣ. ಗಂಟೆಗಟ್ಟಲೆ ಕುದಿಯುವ ರಬಡಿಯ ಬಾಣಲೆಯಲ್ಲಿ ಲಿಸ್ಟೀರಿಯಾ ಉಳಿಯದು. ಆತಂಕವಿರುವುದು ಇಳಿಸಿದ ಮೇಲೆ ತಗಲುವ ಕೈ, ಪಾತ್ರೆ, ಹಸಿ ಹಾಲಿನ ಸೋಂಕಿನಿಂದ. ಬೇರೆ ರೋಗಾಣುಗಳು ಚಳಿಗೆ ಮುದುಡಿದರೆ ಇದು ತಣ್ಣನೆಯಲ್ಲೂ ಬೆಳೆಯುತ್ತದೆ. ಇಬ್ಬನಿಯೇನು, ನಮ್ಮ ಮನೆಯ ಫ್ರಿಜ್ಜೂ ಅದನ್ನು ಕಾಯದು. ಬಸುರಿಗೆ ತಂಗಳು ಬೇಡ ಎನ್ನುತ್ತಿದ್ದ ಅಜ್ಜಿಯರಿಗೆ ಲಿಸ್ಟೀರಿಯಾ ಗೊತ್ತಿರಲಿಲ್ಲ, ಮಾತು ಮಾತ್ರ ಸರಿಯಾಗಿತ್ತು. ಕಣ್ಣೆದುರಿಗೆ ಕರಿದ ಕಚೋರಿ, ಹಬೆಯಾಡುವ ಹಾಲು ಅವಳಿಗಿರಲಿ. ಮಲೈಯೋ ಹೆರಿಗೆಯಾದ ಮೇಲೆ ತಿಂದರಾಯಿತು.

ಈ ಸೋಂಕು ವಾರಗಟ್ಟಲೆ ಅಡಗಿರಬಲ್ಲುದು. ಯಾತ್ರೆಯಿಂದ ಬಂದು ತಿಂಗಳಾದ ಮೇಲೆ ಜ್ವರ ಬಂದರೂ, ಎಲ್ಲಿ ಏನು ತಿಂದೆವೆಂಬುದನ್ನು ವೈದ್ಯರಿಗೆ ಹೇಳಬೇಕು. ಬೇಗ ಗುರುತಿಸಿದರೆ ಆಂಪಿಸಿಲಿನ್‌ನಂಥ ಹಳೆಯ ಔಷಧವೇ ಇದಕ್ಕೆ ನಾಟುತ್ತದೆ.